ಬಿಳಿ ಕಾಗದದ ಕೆಳಗಿನ ಹೆಸರು

೭ ಜುಲೈ ೨೦೨೫, ಸೋಮವಾರ

ಮೊಣಕಾಲು ಬೆಳಿಗ್ಗೆಯಿಂದ ಜೀವ ತಿನ್ನುತ್ತಿದೆ. ಅದು ಸಾಲದೆಂದು ಗೋಡೆಗೆ ಗೆದ್ದಲು ಹತ್ತಿ ಅಪ್ಪನ ಟ್ರಂಕಿನ ತಳದವರೆಗೂ ಬಂದಿದೆ. ಮೂವತ್ತೇಳು ವರ್ಷ ಶಹಾಪುರದ ತಾಲೂಕು ಕಚೇರಿಯಲ್ಲಿ ಕಡತಗಳನ್ನು ಗೆದ್ದಲು ಮುಟ್ಟದಂತೆ ಕಾಯ್ದ ಪರಿಮಳಾ ಮೇಡಮ್ಮಿನ, ಅಂದರೆ ನನ್ನ, ಯಾದಗಿರಿಯ ಸ್ವಂತ ಮನೆಯ ಕಥೆ ಇದು. ಹೊರಗೆ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರಂಕು ಖಾಲಿ ಮಾಡಿದಾಗ ಲುವೀನಿಯಾ ಕಳಿಸಿದ ರೆಕಾರ್ಡು ಸಿಕ್ಕಿತು. ಊಟದ ತಟ್ಟೆಗಿಂತ ಚಿಕ್ಕದು. ನಡುವೆ ಕಿತ್ತಳೆ ಬಣ್ಣದ ಕಾಗದ, ಅದರ ಮೇಲೆ ಅವಳ ಪೂರ್ತಿ ಹೆಸರು, ಲುವೀನಿಯಾ ಪ್ರೂಯಿಟ್. ಅವಳು ನನ್ನ ಪತ್ರದ ಗೆಳತಿ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಇಂಗ್ಲಿಷ್ ಮಾಸ್ತರು ಪರದೇಶದವರ ವಿಳಾಸಗಳ ಪಟ್ಟಿ ತಂದಿದ್ದರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಅಪ್ಪ, "ಅಮೇರಿಕಾದಾಗ ಕರಿ ಮಂದಿ ಅದಾರ. ಅವರನ್ನೂ ನಮ್ಮಂಗ ದೂರ ನಿಂದ್ರಿಸ್ಯಾರ. ಅವರೊಳಗ ಒಬ್ಬಾಕೀಗಿ ಬರಿ," ಎಂದ. ಬರೆದೆ. ಕಾರು ಕಾರ್ಖಾನೆಗಳ ಡೆಟ್ರಾಯಿಟ್ ಊರಿನ ಹುಡುಗಿ, ನನಗಿಂತ ಮೂರು ವರ್ಷ ದೊಡ್ಡವಳು. ಎಪ್ಪತ್ತೈದರಲ್ಲಿ ಅವಳು ಹಾಡಿದ ಒಂದು ಹಾಡನ್ನು ಅಲ್ಲಿಯ ಸಣ್ಣ ಕಂಪನಿಯೊಂದು ಮುನ್ನೂರು ರೆಕಾರ್ಡು ಮಾಡಿಸಿತು. ಅಲ್ಲಿ ಯಾರೂ ಕೊಳ್ಳಲಿಲ್ಲ. ಒಂದನ್ನು ನನಗೆ ಕಳಿಸಿದಳು. ಎಪ್ಪತ್ತೇಳರಲ್ಲಿ ಪತ್ರ ನಿಂತವು. ನಿಂತದ್ದು ನಿಂತೇ ಹೋಯಿತು.

ಎರಡು ಮನೆ ಆಚೆಯ ಅನ್ವರಬಿ ಬಂದಳು. ನನ್ನ ಜೊತೆ ಕಲಿತವಳು, ಕೇಳದೆ ಒಳಗೆ ಬರುವ ಹಕ್ಕು ಅವಳೊಬ್ಬಳಿಗೇ.

"ಹಾಡು ಹ್ಯಾಂಗದ?" ಎಂದಳು.

"ಕೇಳಿಲ್ಲ."

"ಯಾ ಅಲ್ಲಾ! ಐವತ್ತು ವರ್ಷ ಮನ್ಯಾಗ ಇಟ್ಕೊಂಡು ಕೇಳಿಲ್ಲಂತ!"

"ಹಚ್ಚಾಕ ಮಷೀನು ಯಾರ ಮನ್ಯಾಗ ಇತ್ತು? ನಿಮ್ಮಪ್ಪನ ಮನ್ಯಾಗ ಇತ್ತೇನು?"

ಈ ರೆಕಾರ್ಡನ್ನು ನಾಳೆ ಗುಜರಿಯವನಿಗೆ ಹಾಕಿಬಿಡುತ್ತೇನೆ.

೯ ಜುಲೈ, ಬುಧವಾರ

ಹಾಕಲಿಲ್ಲ. ಅನ್ವರಬಿ ಬಿಡಬೇಕಲ್ಲ! ಅವಳ ಮಗ ಏಜಾಜನದು ಸ್ಟೇಷನ್ ರಸ್ತೆಯಲ್ಲಿ ರೇಡಿಯೋ, ಮೊಬೈಲು ರಿಪೇರಿ ಅಂಗಡಿ. ಸುರಪುರದವರೊಬ್ಬರು ತಾತನ ಕಾಲದ ರೆಕಾರ್ಡ್ ಪ್ಲೇಯರು ರಿಪೇರಿಗೆ ಕೊಟ್ಟು ಮರೆತಿದ್ದಾರಂತೆ. ಕೋಲು ಊರಿಕೊಂಡು ಅನ್ವರಬಿಯ ಜೊತೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೊಣಕಾಲು ಊದಿತು. ಅಂಗಡಿಯಲ್ಲಿ ಕೂರಲು ಜಾಗವಿಲ್ಲ, ಬಾಗಿಲಲ್ಲಿ ಆಟೋಗಳ ಗದ್ದಲ. ಇನ್ನೊಮ್ಮೆ ಇಲ್ಲಿ ಕಾಲಿಡುವುದಿಲ್ಲ ಎಂದುಕೊಂಡೆ.

ಅಮೇರಿಕಾದ ರೆಕಾರ್ಡಿಗೆ ನಡುವೆ ಬಳೆಯಗಲದ ತೂತು, ನಮ್ಮ ಪ್ಲೇಯರಿನ ಕಡ್ಡಿ ಸಣ್ಣದು. ಏಜಾಜ ಹವಾಯಿ ಚಪ್ಪಲಿಯ ಅಟ್ಟೆಯಿಂದ ಒಂದು ಬಿಲ್ಲೆ ಕತ್ತರಿಸತೊಡಗಿದ.

"ಏ ಹುಚ್ಚ್ಯಾ, ಹಾಡಿಗಿ ಚಪ್ಪಲಿ ಹಾಕ್ತಿಯೇನೋ?"

"ಖಾಲಾ, ಹೊಸಾ ಜೋಡಿನ ಅಟ್ಟಿ ರಿ. ಕಾಲಿಗಿ ಹಾಕಿಲ್ಲ, ಖರೇನ."

ಬಿಲ್ಲೆ ಕೂತಿತು, ಮುಳ್ಳು ಇಟ್ಟ. ಮೊದಲು ಡೋಲಿನ ಪೆಟ್ಟು, ಚಪ್ಪಾಳೆ, ಆಮೇಲೆ ಅವಳು. ಬಾಗಿಲು ಹಾಕಬೇಡ, ನಾನಿನ್ನೂ ಹೊರಗಿದ್ದೇನೆ ಎಂದು ಯಾರನ್ನೋ ಬೇಡಿಕೊಳ್ಳುವ ಹಾಡು. ಮಾತು ಬೇಡುವವಳದ್ದು, ದನಿ ಮಾತ್ರ ಬಾಗಿಲು ಒದೆಯುವವಳದ್ದು. ಹತ್ತೊಂಬತ್ತು ವರ್ಷದ ಹುಡುಗಿ! ಪತ್ರದಲ್ಲಿ ಎಷ್ಟು ಮೆತ್ತಗೆ ಬರೆಯುತ್ತಿದ್ದಳು. ಎರಡೂವರೆ ನಿಮಿಷದಲ್ಲಿ ಮುಗಿಯಿತು. ಮೂರು ಸಲ ಹಚ್ಚಿಸಿದೆ. ನನಗೆ ಅಳು ಬಂತು. ಅನ್ವರಬಿ ನೋಡಿಯೂ ನೋಡದವಳ ಹಾಗೆ ಒಬ್ಬ ಆಟೋದವನ ಜೊತೆ ಜಗಳ ತೆಗೆದಳು.

ಏಜಾಜ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದಾನೆ. ತಿರುಗುವಾಗ ಹೆಸರು ಓದಲಿಕ್ಕೆ ಬರುವುದಿಲ್ಲ, ಬರೀ ಕಿತ್ತಳೆ ಬಣ್ಣ ಕಾಣುತ್ತದೆ.

೧೫ ಜುಲೈ, ಮಂಗಳವಾರ

ಇಂಗ್ಲೆಂಡಿನ ಮುದುಕರಿಗೆ ತಲೆ ಕೆಟ್ಟಿದೆ. ಏಜಾಜನ ವಿಡಿಯೋದ ಕೆಳಗೆ ನೂರಾರು ಜನ ಬರೆದಿದ್ದಾರೆ. ಈ ಹಾಡಿಗೆ ನಾನು ಮದುವೆಗೆ ಮುಂಚೆ ಕುಣಿದೆ, ಈ ಹಾಡಿಗೆ ನನ್ನ ಹೆಂಡತಿ ಸಿಕ್ಕಳು, ಈ ಹಾಡನ್ನು ನನ್ನ ಹೆಣದ ಮುಂದೆ ಹಚ್ಚಿರಿ ಎಂದು. ಎಲ್ಲ ಸರಿ. ಆದರೆ ಎಲ್ಲರೂ ಹೇಳುವ ಹೆಸರು ಜೀನೀ ಸ್ಟಾರ್ಲಿಂಗ್.

ಯಾರವಳು ಜೀನೀ? ಯಾವ ಓಣಿಯವಳು?

೧೮ ಜುಲೈ, ಶುಕ್ರವಾರ

ನಮ್ಮ ವಿಡಿಯೋ ನೋಡಿದ ಬ್ಯಾರಿ ಎಂಬವನು ಏಜಾಜನ ಅಂಗಡಿಗೆ ವಿಡಿಯೋ ಕರೆ ಮಾಡಿದ. ಎಪ್ಪತ್ತರ ಹತ್ತಿರದವನು, ಬೋಳುತಲೆ, ಉತ್ತರ ಇಂಗ್ಲೆಂಡಿನ ಹತ್ತಿ ಗಿರಣಿಯಲ್ಲಿ ದುಡಿದವನು. ಹಿಂದೆ ಗೋಡೆ ತುಂಬ ರೆಕಾರ್ಡು. ಅವನ ಇಂಗ್ಲಿಷ್ ಬಾಯಲ್ಲಿ ರೊಟ್ಟಿ ತುಂಬಿಕೊಂಡವನ ಇಂಗ್ಲಿಷ್, ಎರಡೆರಡು ಸಲ ಕೇಳಬೇಕಾಯಿತು. ಅವನು ಹೇಳಿದ್ದು ಇಷ್ಟು.

ಅಮೇರಿಕಾದ ಕರಿಯರು ಹಾಡುತ್ತಿದ್ದ ಆ ಸಂಗೀತಕ್ಕೆ ಸೋಲ್ ಎನ್ನುತ್ತಾರೆ. ಅಲ್ಲಿ ಮಾರದೆ ಬಿದ್ದ ರೆಕಾರ್ಡುಗಳು ಹಡಗಿನಲ್ಲಿ ಗುಜರಿ ಮಾಲಿನ ಹಾಗೆ ಇಂಗ್ಲೆಂಡಿಗೆ ಬರುತ್ತಿದ್ದವು. ವಾರವಿಡೀ ಗಿರಣಿಯಲ್ಲಿ ಸತ್ತವರು ಶನಿವಾರ ಅದಕ್ಕೆ ಕುಣಿದು ಬದುಕುತ್ತಿದ್ದರು. ಹೆಸರಾದ ಹಾಡು ಅವರಿಗೆ ಬೇಡ, ಸೋತ ಹಾಡೇ ಬೇಕು. ಬೇರೆ ಯಾರ ಹತ್ತಿರವೂ ಇಲ್ಲದ ರೆಕಾರ್ಡು ಯಾರು ಹಚ್ಚುತ್ತಾನೋ ಅವನೇ ರಾಜ. ಎದುರಾಳಿಗಳು ಹೆಸರು ಓದಿಕೊಂಡು ಇನ್ನೊಂದು ಪ್ರತಿ ತರಿಸಿಬಿಟ್ಟರೆ ರಾಜ್ಯ ಹೋಯಿತು. ಅದಕ್ಕಾಗಿ ನಡುವಿನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುವುದು. ಅವರಲ್ಲಿ ಅದೊಂದು ರೂಢಿ, ಕವರ್-ಅಪ್ ಎನ್ನುತ್ತಾರೆ. ಲುವೀನಿಯಾಳ ಮೇಲೆ ಎಪ್ಪತ್ತೇಳರಲ್ಲಿ ಕಾಗದ ಅಂಟಿಸಿದವನು ಇವನೇ! ನಗುತ್ತಾ ಹೇಳಿದ. ನಲವತ್ತೆಂಟು ವರ್ಷದಲ್ಲಿ ಒಬ್ಬರಿಗೂ ಗೊತ್ತಾಗಿಲ್ಲವಂತೆ.

ನನ್ನ ಪ್ರತಿ ಬೇಕಂತೆ. ಅವನು ಹೇಳಿದ ಮೊತ್ತಕ್ಕೆ ಏಜಾಜ ಸ್ಟೂಲಿನಿಂದ ಎದ್ದು ನಿಂತ. ಒಂದೇ ಷರತ್ತು, ಕಿತ್ತಳೆ ಕಾಗದದ ಮೇಲಿನ ಹೆಸರನ್ನು ಯಾರಿಗೂ ತೋರಿಸಬಾರದು.

ನಾನು ಸರಕಾರಿ ನೌಕರಿ ಮಾಡಿದವಳು. ಪಹಣಿಯಲ್ಲಿ ಒಬ್ಬ ವಿಧವೆಯ ಹೆಸರಿನ ಮೇಲೆ ಮೈದುನನ ಹೆಸರು ಕೂತರೆ ಅವಳು ಎಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿಯುತ್ತಾಳೆ ಎಂದು ಕಣ್ಣಾರೆ ಕಂಡವಳು. ಅಂಥ ಜುಲುಮೆಯನ್ನು ಆಟ ಎಂದು ಹೇಳಿಕೊಂಡು ನಗುವವನನ್ನು ಇವತ್ತೇ ನೋಡಿದ್ದು. ಕೊಡುವುದಿಲ್ಲ ಎಂದು ಫೋನು ಬಂದ್ ಮಾಡಿದೆ.

೧೯ ಜುಲೈ, ಶನಿವಾರ

ಅನ್ವರಬಿ ಹಿತ ಹೇಳಲಿಕ್ಕೆ ಬಂದಳು. "ಕೊಟ್ಟು ಬಿಡವ್ವಾ. ಕಲಬುರಗಿಗಿ ಹೋಗಿ ಮೊಣಕಾಲು ಆಪರೇಷನ್ ಮಾಡಿಸ್ಕೊ. ಸತ್ತಾಳೋ ಇದ್ದಾಳೋ ಗೊತ್ತಿಲ್ಲದಾಕಿ ಸಲುವಾಗಿ ನೀ ಯಾಕ ಕುಂಟಬೇಕು?"

"ನಿನ್ನ ಹೆಸರಿನ ಮ್ಯಾಲ ಯಾರರೆ ಕಾಗದ ಹಚ್ಚಿದರ ಸುಮ್ಮಕ ಇರ್ತಿಯೇನು?"

"ಅನ್ವರಬಿ ಅನ್ನೋ ಹೆಸರು ಯಾರಿಗಿ ಬೇಕಾಗ್ಯಾದ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಚಹಾ ಕೂಡ ಕೊಡದೆ ಕಳಿಸಿದೆ.

೪ ಆಗಸ್ಟ್, ಸೋಮವಾರ

ಬ್ಯಾರಿ ಬರುತ್ತಾನಂತೆ. ವಿಮಾನದಲ್ಲಿ ಮುಂಬೈ, ಅಲ್ಲಿಂದ ರೈಲಿನಲ್ಲಿ ಯಾದಗಿರಿ. ಬರಲಿ. ಈ ಹದಿನೈದು ದಿನ ದಿನಾ ಅಂಗಡಿಗೆ ಹೋಗಿ ಹಾಡು ಕೇಳಿ ಬಂದಿದ್ದೇನೆ. ಏಜಾಜ ನನಗೊಂದು ಕುರ್ಚಿ ಇಟ್ಟಿದ್ದಾನೆ. ಇವತ್ತು ಅರ್ಧ ದಾರಿ ಬಂದ ಮೇಲೆ ಕೋಲು ಅಲ್ಲೇ ಬಿಟ್ಟದ್ದು ನೆನಪಾಯಿತು, ತಿರುಗಿ ಯಾರು ಹೋಗಬೇಕೆಂದು ಮನೆಗೇ ಬಂದೆ.

೨೧ ಆಗಸ್ಟ್, ಗುರುವಾರ

ಬಂದ. ಬೆವರಿ ಕೆಂಪಾಗಿ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯನ್ನು ಹಮಾಲನ ಕೈಗೆ ಕೊಡಲಿಲ್ಲವಂತೆ. ಅನ್ವರಬಿಯ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಹಿಂಡಿ ತಿಂದು ಕಣ್ಣಲ್ಲಿ ನೀರು ಸುರಿಸಿದ, ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. "ಪಾಪ, ದುಡಿದು ತಿಂದವ ಅದಾನ," ಎಂದಳು ಅನ್ವರಬಿ. ಊಟ ಹಾಕಿದವರಿಗೆ ಎಲ್ಲರೂ ಪಾಪವೇ.

ಊಟವಾದ ಮೇಲೆ ಪೆಟ್ಟಿಗೆ ತೆಗೆದ. ಅವನ ರೆಕಾರ್ಡು ನನ್ನದರ ಅವಳಿ, ನಡುವೆ ಮಾತ್ರ ಬಿಳಿ ಕಾಗದ, ಹಳದಿಗೆ ತಿರುಗಿದೆ. ಅದರ ಮೇಲೆ ಇಪ್ಪತ್ತು ವರ್ಷದ ಹುಡುಗನ ಓರೆ ಅಕ್ಷರದಲ್ಲಿ, ಜೀನೀ ಸ್ಟಾರ್ಲಿಂಗ್. ಅವನು ಅದನ್ನು ಎತ್ತುವ ರೀತಿ ನೋಡಿದೆ, ಬಾಣಂತಿ ಕೂಸನ್ನು ಎತ್ತುವ ಹಾಗೆ. ಅವನಿಗೆ ಆ ಹಾಡಿನ ಮೇಲೆ ಪ್ರೀತಿ ಇಲ್ಲ ಎಂದು ನಾನು ಹೇಳಲಾರೆ. ಗಿರಣಿಯ ಸದ್ದಿಗೆ ಕಿವಿ ಅರ್ಧ ಹೋಗಿದ್ದರೂ ಈ ಹಾಡು ಮಾತ್ರ ಪೂರ್ತಿ ಕೇಳಿಸುತ್ತದೆ ಎಂದ.

ಆಮೇಲೆ ಕೇಳಿದೆ. ಅವಳನ್ನು ಒಮ್ಮೆಯಾದರೂ ಹುಡುಕಿದಿರಾ?

ತಲೆ ತಗ್ಗಿಸಿದ. ಎರಡು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಳಂತೆ. ಮನೆ ಖಾಲಿಯಾದ ಮೇಲೆ ಬುದ್ಧಿ ಬಂದು, ಕಂಪ್ಯೂಟರಿನಲ್ಲಿ ಲುವೀನಿಯಾಳ ನಿಜವಾದ ಹೆಸರು ಹಾಕಿ ನೋಡಿದನಂತೆ. ಸಿಕ್ಕಿದ್ದು ಒಂದು ಸಾವಿನ ಸುದ್ದಿ, ಎರಡು ಸಾವಿರದ ಹನ್ನೊಂದರದ್ದು. ಫೋನಿನಲ್ಲಿ ತೋರಿಸಿದ. ಲುವೀನಿಯಾ ಪ್ರೂಯಿಟ್, ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ಸೇವೆ, ಒಬ್ಬಳು ಮಗಳು. ಹಾಡುತ್ತಿದ್ದಳು ಎಂಬ ಒಂದು ಮಾತೂ ಅದರಲ್ಲಿಲ್ಲ.

ನನ್ನ ಲುವೀನಿಯಾ ಸತ್ತು ಹದಿನಾಲ್ಕು ವರ್ಷ.

ಅವಳು ಮೂವತ್ತು ವರ್ಷ ರೋಗಿಗಳ ಹಾಸಿಗೆ ಬಟ್ಟೆ ಒಗೆದಳು, ನೀವು ಅವಳ ಹಾಡಿಗೆ ಕುಣಿದಿರಿ ಎಂದೆ. ನಿಮ್ಮ ಒಂದು ಚೂರು ಕಾಗದ ಕಿತ್ತಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು, ಯಾರಾದರೂ ಅವಳನ್ನು ಕರೆಸುತ್ತಿದ್ದರು, ಹಾಡಿಸುತ್ತಿದ್ದರು. ಎಲ್ಲ ಇಂಗ್ಲಿಷಿನಲ್ಲೇ ಹೇಳಿದೆ, ಕೊನೆಗೆ ಇಂಗ್ಲಿಷ್ ಸಾಲದೆ ಕನ್ನಡಕ್ಕೆ ಬಂದೆ. "ಏಳು ಇಲ್ಲಿಂದ! ಏಳು! ನಿನ್ನ ಮಾರಿ ನೋಡಬಾರದು!" ಅವನಿಗೆ ಅರ್ಥವಾಯಿತು. ಪೆಟ್ಟಿಗೆ ಎದೆಗವುಚಿಕೊಂಡು ಲಾಡ್ಜಿಗೆ ಹೋದ.

೨೨ ಆಗಸ್ಟ್, ಶುಕ್ರವಾರ

ಅಡಿಗೆ ಮಾಡಲಿಲ್ಲ. ಅನ್ವರಬಿ ತಂದಿಟ್ಟ ಊಟ ಹಾಗೇ ಇದೆ.

೨೪ ಆಗಸ್ಟ್, ಭಾನುವಾರ

ಇವತ್ತು ಬೆಳಿಗ್ಗೆ ಬ್ಯಾರಿ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಸಂಜೆ ಅವನ ರೈಲು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಕೇಳಿದ, ಜಗಳಕ್ಕಲ್ಲ, ಸುಮ್ಮನೆ. ನಾನು ಹೆಸರು ಮುಚ್ಚಿಟ್ಟೆ, ಒಪ್ಪುತ್ತೇನೆ. ಹೆಸರು ಗೊತ್ತಿದ್ದ ನೀವು ಇಷ್ಟು ವರ್ಷ ಏನು ಮಾಡಿದಿರಿ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಂಡೆ. ಬಾಗಿಲು ಹಾಕಿಕೊಂಡು ಒಳಗೆ ಬಂದೆ.

ಬರೆದೇಬಿಡುತ್ತೇನೆ. ಇದನ್ನು ಅಪ್ಪನಿಗೂ ಹೇಳಿಲ್ಲ, ಅನ್ವರಬಿಗೂ ಹೇಳಿಲ್ಲ.

ರೆಕಾರ್ಡು ಬಂದಾಗ ನಮ್ಮ ಓಣಿಯಲ್ಲಿ ಕರೆಂಟೇ ಇರಲಿಲ್ಲ. ಹಾಡು ಹೇಗಿದೆ ಎಂದು ಅವಳು ಕೇಳಿದಳು. ಕೇಳಲಿಕ್ಕೆ ಮಷೀನಿಲ್ಲ ಎಂದು ಬರೆಯಲು ನಾಚಿಕೆ. ಅಮೇರಿಕಾದವಳ ಮುಂದೆ ನಮ್ಮ ಬಡತನ ಯಾಕೆ ಬಿಚ್ಚಬೇಕು? ಬಹಳ ಚೆನ್ನಾಗಿದೆ, ಯಾದಗಿರಿಯ ಜನ ನಿನ್ನ ಹಾಡಿಗೆ ಬೀದಿಯಲ್ಲಿ ಕುಣಿದರು ಎಂದು ಬರೆದೆ. ಒಂದು ಸಲವಲ್ಲ. ಎರಡು ವರ್ಷ ಬರೆದೆ. ಪ್ರತಿ ಪತ್ರದಲ್ಲಿ ಕುಣಿಯುವವರು ಹೆಚ್ಚಾದರು. ಎಪ್ಪತ್ತೇಳರಲ್ಲಿ, ನಾನು ಒಡೆದು ಓದಿದ ಅವಳ ಕೊನೆಯ ಪತ್ರ ಬಂತು. ಇವತ್ತು ಟ್ರಂಕಿನಿಂದ ತೆಗೆದು ಓದಿದೆ. ನನ್ನ ಹಾಡಿಗೆ ಕುಣಿದ ಊರು ಭೂಮಿಯ ಮೇಲೆ ಅದೊಂದೇ, ನಾನು ಪಗಾರ ಉಳಿಸಿ ಅಲ್ಲಿಗೆ ಬಂದು ಆ ಜನರ ಮುಂದೆ ಹಾಡಬೇಕು, ಬರಲೇ ಎಂದು ಬರೆದಿದ್ದಾಳೆ.

ಅವಳು ಬಂದರೆ ಏನು ತೋರಿಸಲಿ? ನಾನು ಉತ್ತರ ಬರೆಯಲಿಲ್ಲ. ಆಮೇಲೆ ಇನ್ನೆರಡು ಪತ್ರ ಬಂದವು, ಒಡೆಯದೆ ಒಲೆಗೆ ಹಾಕಿದೆ. ಮುಂದೆ ಬರಲಿಲ್ಲ. ಬ್ಯಾರಿ ಕಾಗದ ಅಂಟಿಸಿದ್ದೂ ಅದೇ ವರ್ಷ. ಅಲ್ಲಿ ಖರೇನೇ ಸಾವಿರ ಜನ ಅವಳ ಹಾಡಿಗೆ ಕುಣಿಯುತ್ತಿದ್ದರು, ಇಲ್ಲಿ ನಾನು ಬಾಯಿ ಮುಚ್ಚಿಕೊಂಡೆ, ಅಲ್ಲಿ ಅವನು ಹೆಸರು ಮುಚ್ಚಿದ. ಇಬ್ಬರೂ ಸೇರಿ ಒಬ್ಬಳನ್ನು ಲಾಂಡ್ರಿಗೆ ಕಳಿಸಿದೆವು.

ಮಧ್ಯಾಹ್ನ ಬಾಗಿಲು ತೆಗೆದಾಗ ಇನ್ನೂ ಕೂತಿದ್ದ. ಅವನಿಗೂ ಹೇಳಿದೆ. ಇಬ್ಬರೂ ಚಹಾ ಕುಡಿದೆವು. ರೆಕಾರ್ಡು ಕೊಡುವುದಿಲ್ಲ, ಆದರೆ ನಿನ್ನಿಂದ ಒಂದು ಕೆಲಸ ಆಗಬೇಕು, ಬರೆದು ಕಳಿಸುತ್ತೇನೆ ಎಂದೆ. ಅವನು ರೈಲು ಹತ್ತಿದ.

೨ ಸೆಪ್ಟೆಂಬರ್, ಮಂಗಳವಾರ

ಏಜಾಜನದು ಒಂದೇ ಹಟ. "ಖಾಲಾ, ಲೇಬಲಿನ ಫೋಟೋ ತಗದು ನೆಟ್ಟಿಗಿ ಹಾಕಿಬಿಡೋಣ್ರಿ. ಹತ್ತು ನಿಮಿಷದ ಕೆಲಸ. ಇಂಗ್ಲೆಂಡಿಗೆಲ್ಲ ಗೊತ್ತಾಗ್ತದ."

"ನಾ ಹಾಕಿದರ ಅದು ನನ್ನ ತಕರಾರು ಆಗ್ತದ. ತಪ್ಪು ಬರದಾವನೇ ತಿದ್ದಬೇಕು. ಆಫೀಸಿನ ಕಾಯದೆ ಅದು."

ಕಚೇರಿಯಲ್ಲಿ ಹೊಸಬರಿಗೆ ನಾನು ಮೊದಲ ದಿನ ಹೇಳಿಕೊಡುತ್ತಿದ್ದದ್ದು ಇದನ್ನೇ. ತಪ್ಪು ಬರೆದರೆ ಕೆರೆಯಬಾರದು, ಬಿಳಿ ಬಳಿಯಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಅಡ್ಡಗೆರೆ, ಕೆಳಗಿನದು ಓದಲಿಕ್ಕೆ ಬರುವಂತೆ. ಮೇಲೆ ಸರಿಯಾದದ್ದು. ಪಕ್ಕದಲ್ಲಿ ಬರೆದವನ ಸಹಿ, ತಾರೀಖು. ಯಾರು ತಪ್ಪು ಮಾಡಿದರು, ಯಾವಾಗ ತಿದ್ದಿದರು ಎಂದು ಮುಂದೆ ನೋಡುವವರಿಗೆ ಗೊತ್ತಾಗಬೇಕು.

ಬ್ಯಾರಿಗೆ ಹಾಗೆಯೇ ಬರೆದೆ, ಕ್ರಮಾಂಕ ಹಾಕಿ, ಮೇಲೆ ವಿಷಯ: ಹೆಸರು ತಿದ್ದುಪಡಿ. ಅವನ ಹಾಗೆ ಈ ಹಾಡುಗಳ ಹುಚ್ಚಿರುವವರೆಲ್ಲ ತಿಂಗಳ ಕೊನೆಗೆ ಸಮುದ್ರದ ದಂಡೆಯ ಒಂದು ಪಟ್ಟಣದಲ್ಲಿ ಮೂರು ದಿನ ಕುಣಿಯುತ್ತಾರಂತೆ. ಅಲ್ಲಿ, ಎಲ್ಲರ ಎದುರಿಗೆ, ಆ ಬಿಳಿ ಕಾಗದವನ್ನು ಕಿತ್ತು ಹಾಕದೆ, ಅದರ ಮೇಲೇ ತಿದ್ದಬೇಕು. ನಾನು ಫೋನಿನಲ್ಲಿ ಹಾಜರಿರುತ್ತೇನೆ.

೧೦ ಸೆಪ್ಟೆಂಬರ್, ಬುಧವಾರ

ಉದ್ದದ ಉತ್ತರ. ಅವನ ಮಾನ ಹೋಗುತ್ತದಂತೆ. ಐವತ್ತು ವರ್ಷದ ಗೆಳೆಯರು ಉಗಿಯುತ್ತಾರಂತೆ. ಜೀನೀ ಸ್ಟಾರ್ಲಿಂಗ್ ಎಂದು ಕೆಲವರು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರಂತೆ, ಅವರಿಗೆ ಏನು ಹೇಳಲಿ ಎನ್ನುತ್ತಾನೆ.

ಇನ್ನೊಂದು ತೋಳು ಇದೆಯಲ್ಲ ಎಂದು ಬರೆದೆ.

ಅನ್ವರಬಿ ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಅವಳೀಗ ಪೂರಾ ನನ್ನ ಕಡೆ. ಅಂಗಡಿಗೆ ಮೊ‌ಬೈಲು ತಂದವರಿಗೆಲ್ಲ ಹಾಡು ಕೇಳಿಸಿ, "ಇದು ನಮ್ಮ ಪರಿಮಳಾನ ಗೆಳತಿ ಹಾಡ್ಯಾಳ," ಎನ್ನುತ್ತಾಳೆ. ಹೂ ಮಾರುವ ಭೀಮಾಬಾಯಿ ದಿನಾ ಸಂಜೆ ಬುಟ್ಟಿ ಇಳಿಸಿ ಒಂದು ಸಲ ಕೇಳಿಯೇ ಹೋಗುವುದು.

೧೪ ಸೆಪ್ಟೆಂಬರ್, ಭಾನುವಾರ

ಒಪ್ಪಿದ. ಎರಡೇ ಶಬ್ದದ ಉತ್ತರ. ಇಪ್ಪತ್ತೆಂಟಕ್ಕೆ, ಅವರ ಮಧ್ಯಾಹ್ನ ಎರಡಕ್ಕೆ, ನಮ್ಮ ಸಂಜೆ ಆರೂವರೆಗೆ.

ಲುವೀನಿಯಾಳ ಮಗಳ ವಿಳಾಸವನ್ನೂ ಹುಡುಕಿ ಕಳಿಸಿದ್ದಾನೆ. ಇವತ್ತು ಅವಳಿಗೆ ನಾಲ್ಕು ಪುಟ ಬರೆದೆ. ನಿನ್ನ ತಾಯಿಗೆ ನಾನು ಸುಳ್ಳು ಹೇಳಿದೆ ಎಂಬಲ್ಲಿಂದ ಶುರು ಮಾಡಿದೆ. ನಾಳೆ ರಜಿಸ್ಟರ್ ಪೋಸ್ಟು. ಬೈದು ಬರೆದರೂ ಸರಿ, ಬರೆಯದಿದ್ದರೂ ಸರಿ.

೨೮ ಸೆಪ್ಟೆಂಬರ್, ಭಾನುವಾರ

ಆರು ಗಂಟೆಗೇ ಅಂಗಡಿಗೆ ಹೋದೆ. ಏಜಾಜ ಟಿವಿಯ ಮೇಲೆ ಅಲ್ಲಿಯ ಸಭೆ ಕಾಣುವಂತೆ ಮಾಡಿದ್ದ, ನನ್ನ ಮುಖ ಅಲ್ಲಿಯ ಪರದೆಯ ಮೇಲೆ ಕಾಣುವಂತೆ ಕ್ಯಾಮೆರಾ, ಮಾತು ಕೇಳುವಂತೆ ಮೈಕು ಹಚ್ಚಿದ್ದ. ಅನ್ವರಬಿ ಹೊಸ ದುಪಟ್ಟಾ ಹೊದ್ದು ಬಂದಿದ್ದಳು. ಭೀಮಾಬಾಯಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಮುಂದೆ ಕೂತಳು.

ದೊಡ್ಡ ಮರದ ನೆಲದ ಸಭಾಂಗಣ. ಎಲ್ಲ ನನ್ನ ವಯಸ್ಸಿನವರೇ. ಬಿಳಿ ತಲೆ, ಬೊಕ್ಕ ತಲೆ, ದೊಗಳೆ ಪ್ಯಾಂಟು, ಅಗಲ ಲಂಗದ ಹೆಂಗಸರು. ಸಾವಿರ ಜನವಾದರೂ ಇದ್ದರು. ಬ್ಯಾರಿ ವೇದಿಕೆ ಹತ್ತಿದ.

ಶುರು ಸರಿಯಾಗಿಯೇ ಮಾಡಿದ. ಆಮೇಲೆ ದಾರಿ ಬಿಟ್ಟ. ಎಪ್ಪತ್ತೇಳರ ಕಥೆ, ಗುಜರಿ ರಾಶಿಯಲ್ಲಿ ತನಗೆ ಆ ರೆಕಾರ್ಡು ಸಿಕ್ಕ ಕಥೆ, ತನ್ನ ಹೆಂಡತಿಯ ಕಥೆ. ಕೊನೆಗೆ, ಕಳೆದುಹೋಗಿದ್ದ ಒಬ್ಬ ಮಹಾಗಾಯಕಿಯನ್ನು ನಾನು ಇವತ್ತು ನಿಮಗೆ ಹುಡುಕಿ ತಂದಿದ್ದೇನೆ ಎಂದುಬಿಟ್ಟ. ಜನ ಚಪ್ಪಾಳೆ ಹೊಡೆದರು!

ಎಲಾ ಇವನ! ಏಜಾಜನ ಕೈಯಲ್ಲಿದ್ದ ಮೈಕು ಕಸಿದುಕೊಂಡೆ.

ಅವಳು ಕಳೆದುಹೋಗಿರಲಿಲ್ಲ ಎಂದೆ. ಡೆಟ್ರಾಯಿಟಿನಲ್ಲಿ ತನ್ನ ಮನೆಯಲ್ಲೇ ಇದ್ದಳು. ವಿಳಾಸ ನನ್ನ ಹತ್ತಿರ ಇತ್ತು, ಹೆಸರು ನಿನ್ನ ಕಾಗದದ ಕೆಳಗೆ ಇತ್ತು. ನೀನು ಹುಡುಕಲಿಲ್ಲ, ಮುಚ್ಚಿಟ್ಟೆ. ಮುಚ್ಚಿಟ್ಟೆ ಎಂದು ಹೇಳು.

ಸಭಾಂಗಣದಲ್ಲಿ ಎಲ್ಲರೂ ತಲೆ ಎತ್ತಿ ಪರದೆಯ ಮೇಲಿನ ನನ್ನ ಮುಖ ನೋಡಿದರು. ಯಾದಗಿರಿಯ ರಿಪೇರಿ ಅಂಗಡಿ, ಹಿಂದೆ ಸತ್ತ ಮೊಬೈಲುಗಳ ಸಾಲು, ಪಕ್ಕದಲ್ಲಿ ಅನ್ವರಬಿ. ಬ್ಯಾರಿ ಪರದೆಯ ಕಡೆ ತಿರುಗಿ, ಹೌದು, ನಾನು ಮುಚ್ಚಿಟ್ಟೆ ಎಂದ. ಹಿಂದಿನಿಂದ ಯಾರೋ ಕೆಟ್ಟದಾಗಿ ಬೈದರು. ಅವನನ್ನು ಬೈಯಬೇಡಿ, ಮೊದಲು ನನ್ನ ಮಾತು ಕೇಳಿ ಎಂದೆ.

ನನ್ನದನ್ನೂ ಹೇಳಿದೆ. ಮಷೀನಿಲ್ಲದ ಮನೆ, ನಾಚಿಕೆ, ಬೀದಿ ಕುಣಿತದ ಸುಳ್ಳು, ಬರಲೇ ಎಂದು ಅವಳು ಕೇಳಿದ್ದು, ನಾನು ಒಲೆಗೆ ಹಾಕಿದ ಎರಡು ಪತ್ರ. ಅನ್ವರಬಿಗೆ ಇದು ಇವತ್ತೇ ಗೊತ್ತಾದದ್ದು. ಅವಳಿಗೆ ಇಂಗ್ಲಿಷ್ ಬರದಿದ್ದರೂ ಏಜಾಜ ಕಿವಿಯಲ್ಲಿ ಹೇಳುತ್ತಿದ್ದ. "ನಿನ್ನೌನ್, ಇಷ್ಟು ವರ್ಷ ಒಬ್ಬಾಕೀನೇ ಹೊತ್ಕೊಂಡು ತಿರುಗಿದೇನ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಅದೂ ಇಂಗ್ಲೆಂಡಿನವರಿಗೆಲ್ಲ ಕಾಣಿಸಿತು.

ಈಗ ಹೆಸರು ಹೇಳುತ್ತೇನೆ, ನನ್ನ ಹಿಂದೆ ಹೇಳಿ ಎಂದೆ. ಲುವೀನಿಯಾ ಪ್ರೂಯಿಟ್.

ಕೆಲವರು ಗೊಣಗಿದರು.

ಕುಣಿಯಲಿಕ್ಕೆ ಕಾಲಿದೆ, ಹೇಳಲಿಕ್ಕೆ ಬಾಯಿಲ್ಲವೇ ಎಂದೆ. ಮುಂದಿನ ಸಾಲಿನ ಒಬ್ಬ ದಪ್ಪ ಹೆಂಗಸು ನಕ್ಕಳು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. ಅವಳ ಹಿಂದೆ ಅವಳ ಸಾಲು. ಆಮೇಲೆ ಇಡೀ ಸಭಾಂಗಣ. ಟಿವಿಯ ಸ್ಪೀಕರು ಗರಗರ ಎಂದಿತು. ಇನ್ನೊಮ್ಮೆ ಎಂದೆ. ಕೂಗಿದರು. ಭೀಮಾಬಾಯಿಗೆ ಏನು ತಿಳಿಯಿತೋ, ಅವಳೂ ಅವರ ಜೊತೆ ಕೂಗಿದಳು, ರಸ್ತೆಯ ಆಟೋದವರು ತಿರುಗಿ ನೋಡಿದರು. ಮತ್ತೊಮ್ಮೆ ಎಂದೆ. ಮೂರನೆಯ ಸಲ ನಾನು ಕೇಳುತ್ತಾ ಕೂತೆ. ಅವಳು ಇದನ್ನು ಕೇಳಬೇಕಾಗಿತ್ತು. ಅವಳು ಕೇಳಬೇಕಾಗಿತ್ತು, ನಾನಲ್ಲ.

ಬ್ಯಾರಿ ಕಣ್ಣು ಒರೆಸಿಕೊಂಡು, ಆಗಲೇ ರೆಕಾರ್ಡನ್ನು ಪ್ಲೇಯರಿನ ಮೇಲೆ ಇಡಲು ಹೋದ. ಜನ ನೆಲದ ನಡುವೆ ಸರಿದು ಜಾಗ ಹಿಡಿಯತೊಡಗಿದರು.

ನಿಲ್ಲು ಎಂದೆ. ಇನ್ನೂ ತಿದ್ದುಪಡಿ ಆಗಿಲ್ಲ.

ಅವನು ಜೇಬು ತಡವಿದ, ಪೆನ್ನಿರಲಿಲ್ಲ. ಕೂಗಿದ ಹೆಂಗಸೇ ಪರ್ಸಿನಿಂದ ಒಂದು ತೆಗೆದು ಕೊಟ್ಟಳು. ಸಾವಿರ ಜನ ನಿಂತು ಕಾದರು. ಜೀನೀ ಸ್ಟಾರ್ಲಿಂಗ್ ಎಂಬುದರ ಮೇಲೆ ಒಂದೇ ಅಡ್ಡಗೆರೆ ಎಳೆದ. ಮೇಲೆ ಬರೆದ. ಸಹಿ ಹಾಕಿದ, ತಾರೀಖು ಹಾಕಿದ. ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದೆ. ಬರಾಬರ್ ಇತ್ತು.

"ಈಗ ಹಚ್ಚು," ಎಂದೆ.